ತಳ ಹಿಡಿದ ಸಾಗು

ಕಳೆದ ವಾರ ಪುಕೆಕೊಹೆಯ ಹೊಲವೊಂದರ ಅಂಚಿಗೆ ಯೂಟ್ ಗಾಡಿ ನಿಲ್ಲಿಸಿ ಮಣ್ಣಿನ ಸ್ಯಾಂಪಲ್ ತುಂಬಿಕೊಳ್ಳುತ್ತಿದ್ದೆ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರೊಂದು ಎಳೆಯ ಸಾಸಿವೆ ಗಿಡಗಳನ್ನು ಕೊಚ್ಚಿ ಮಣ್ಣಿಗೆ ಸೇರಿಸುತ್ತಿತ್ತು. ಈರುಳ್ಳಿ ತೆಗೆದ ಮೇಲೆ ನೆಲಕ್ಕೆ ಗೊಬ್ಬರವಾಗಲಿ ಎಂದು ಇಲ್ಲಿ ಸಾಸಿವೆ ಬಿತ್ತುತ್ತಾರೆ, ತಿನ್ನುವುದಕ್ಕಲ್ಲ. ಆ ಹಸಿ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಆಕಳಿಕೆ ಬಂತು. ಘಾಟಿಗೆ ಸೀನು ಬರಬೇಕು, ಆಕಳಿಕೆ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಹನ್ನೆರಡು ವರ್ಷ ಹಿಂದಿನ ಒಂದು ಮಧ್ಯಾಹ್ನ ಕಾರಣ. ಆ ಮಧ್ಯಾಹ್ನದ ಸಂಗತಿಯನ್ನು ನಾನು ಗಂಡನಿಗೂ ಹೇಳಿರಲಿಲ್ಲ.

ಆಗಿನ್ನೂ ಮದುವೆಯಾಗಿರಲಿಲ್ಲ. ಈ ದೇಶಕ್ಕೆ ಬಂದು ಪಾಮರ್ಸ್ಟನ್ ನಾರ್ತ್‌ನಲ್ಲಿ ಮಣ್ಣಿನ ಬಗ್ಗೆ ಓದಿ ಮುಗಿಸಿದ್ದೆ. ಓದಿದ್ದಕ್ಕೆ ತಕ್ಕ ಕೆಲಸ ಸಿಗುವವರೆಗೆ ಎಂದುಕೊಂಡು ಪುಕೆಕೊಹೆಯ ಈರುಳ್ಳಿ ಪ್ಯಾಕಿಂಗ್ ಶೆಡ್ಡಿಗೆ ಸೇರಿದೆ. ಮಣ್ಣಿನ ವಿಜ್ಞಾನಿಯಾಗಬೇಕಾದವಳು ಈರುಳ್ಳಿ ಸಾಗಿಬರುವ ಬೆಲ್ಟಿನ ಮುಂದೆ ನಿಂತು ಕೊಳೆತ ಈರುಳ್ಳಿ ಆರಿಸುತ್ತಿದ್ದೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವರು ಸುರ್ಜೀತ್ ಆಂಟಿ, ಅರವತ್ತು ದಾಟಿದ ಪಂಜಾಬಿ ಹೆಂಗಸು. ನನಗೆ ರೂಮು ಬೇಕೆಂದು ತಿಳಿದಾಗ ತಕಾನಿನಿಯ ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ಆ ಮನೆಯಲ್ಲಿ ಅವರ ಮಗ ಹರ್ಮನ್, ಸೊಸೆ, ಎರಡು ತಿಂಗಳ ಮೊಮ್ಮಗಳು. ಹರ್ಮನ್ ಲಾರಿ ಓಡಿಸುತ್ತಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ರೊಟ್ಟಿ ಬೇಯಿಸಿಟ್ಟು ಶೆಡ್ಡಿಗೆ ಹೊರಡುವುದು, ಸಂಜೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವುದು ಆಂಟಿಯ ದಿನಚರಿ. ಅವರು ಕೂತದ್ದನ್ನು ನಾನು ನೋಡಿದ್ದು ಕಾರಿನಲ್ಲಿ ಮಾತ್ರ.

ನಮ್ಮಿಬ್ಬರ ನಡುವೆ ಇದ್ದ ಭಾಷೆ ಹರಕು ಹಿಂದಿ. ಮೈಸೂರಿನಲ್ಲಿ ಕಲಿತ ನನ್ನ ಹಿಂದಿ ಕೇಳಿ ಅವರು ಸೆರಗಿನಲ್ಲಿ, ಅಂದರೆ ದುಪಟ್ಟಾದಲ್ಲಿ, ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೊದಲ ಭಾನುವಾರ "ಸಾಗ್ ಮಾಡ್ತೀನಿ" ಎಂದಾಗ ನಾನು ಪೂರಿ ಜೊತೆ ಬರುವ ಆಲೂಗಡ್ಡೆ ಸಾಗುವಿನ ಆಸೆಯಲ್ಲಿ ಕೂತಿದ್ದೆ. ತಟ್ಟೆಗೆ ಬಂದದ್ದು ಹಸಿರು ಮುದ್ದೆ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಮೆಕ್ಕೆಜೋಳದ ದಪ್ಪ ರೊಟ್ಟಿ. ಮುಖ ಸಪ್ಪೆ ಮಾಡಿಕೊಂಡೇ ಬಾಯಿಗಿಟ್ಟೆ. ನಮ್ಮಮ್ಮ ಮಾಡುವ ಮಸ್ಸೊಪ್ಪಿನ ದೊಡ್ಡಕ್ಕನ ಹಾಗಿತ್ತು ಅದು. ಸಾಸಿವೆ ಸೊಪ್ಪು, ಪಾಲಕ್, ಇನ್ನೊಂದು ಯಾವುದೋ ಸೊಪ್ಪು. ಆ ಇನ್ನೊಂದನ್ನು ಆಂಟಿ ಈರುಳ್ಳಿ ಹೊಲದ ಬದುವಿನಿಂದ ಕಿತ್ತು ತರುತ್ತಿದ್ದರು. ಇಲ್ಲಿಯವರಿಗೆ ಅದು ಕಳೆ. ಆಂಟಿ ಅದನ್ನು ಬಥುವಾ ಎಂದರು. ನೋಡಿದರೆ ನಮ್ಮ ಚಕ್ಕೋತ ಸೊಪ್ಪು. ಪರದೇಶದಲ್ಲಿ ಊರಿನವರು ಸಿಕ್ಕಿದ ಹಾಗಾಗಿ, ಆಮೇಲೆ ಊಟದ ವಿರಾಮದಲ್ಲಿ ನಾವಿಬ್ಬರೂ ಬದುವಿನ ಮೇಲೆ ಬಗ್ಗಿ ಸೊಪ್ಪು ಕೀಳುತ್ತಿದ್ದೆವು.

ಜನವರಿಯಲ್ಲಿ, ಇಲ್ಲಿಯ ನಡುಬೇಸಗೆಯಲ್ಲಿ, ಲೋಹ್ರಿ ಬಂತು. ನಮಗೆ ಸಂಕ್ರಾಂತಿ ಹೇಗೋ ಅವರಿಗೆ ಅದು ಹಾಗೆ, ಒಂದು ದಿನ ಮುಂಚೆ. ಎಳ್ಳು, ಬೆಲ್ಲ, ಕಡಲೆಕಾಯಿ ಎಲ್ಲ ಅದೇ. ಅವರು ಬೆಂಕಿ ಹಾಕಿ ಸುತ್ತ ಸೇರುತ್ತಾರೆ. ಮನೆಯಲ್ಲಿ ಹೊಸ ಮಗುವಿದ್ದರೆ ಆ ವರ್ಷ ಹಬ್ಬ ಜೋರು. ಆದರೆ ಅದು ಗಂಡುಮಗುವಿಗೆ ಮಾಡುವ ಹಬ್ಬ ಎಂದು ಹರ್ಮನ್ ಗೊಣಗಿದ. ಶೆಡ್ಡಿನಲ್ಲಿ ಕೆಲಸದ ಕಾಲ, ಅಡುಗೆ ಯಾರು ಮಾಡುತ್ತಾರೆ ಎಂದೂ ಕೇಳಿದ. ಆಂಟಿ ಜಗಳವಾಡಲಿಲ್ಲ. ಆ ಸಂಜೆ ಸೊಪ್ಪು ಬಿಡಿಸುತ್ತಾ ನನಗೆ ಮಾತ್ರ ಹೇಳಿದರು. ಅವರ ಮೊದಲ ಮಗು ಹೆಣ್ಣು. ಆ ವರ್ಷ ಅತ್ತೆ ಮನೆಯಲ್ಲಿ ಬೆಂಕಿ ಹಾಕಲಿಲ್ಲ. ಪಕ್ಕದ ಮನೆಯ ಗಂಡುಮಗುವಿನ ಹಬ್ಬಕ್ಕೆ ರೊಟ್ಟಿ ತಟ್ಟಲು ಇವರನ್ನೇ ಕಳಿಸಿದರು. "ನಲವತ್ತು ರೊಟ್ಟಿ ತಟ್ಟಿದೆ, ಪುತ್" ಎಂದರು. ಪುತ್ ಎಂದರೆ ಮಗು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ನನ್ನ ಮಗಳು ಬೆನ್ನ ಮೇಲೆ ಮಲಗಿತ್ತು. ಈ ಮಗೂಗೆ ನಾನು ಮಾಡೇ ಮಾಡ್ತೀನಿ."

ಮಾಡಿದರು. ಬೇಸಗೆಯಲ್ಲಿ ಸಾಸಿವೆ ನೋಡನೋಡುತ್ತಲೇ ಹೂವಿಗೆ ಬಂದುಬಿಡುತ್ತದೆ. ಹಿತ್ತಲಲ್ಲಿ ಬಟ್ಟೆ ಕಟ್ಟಿ ನೆರಳು ಮಾಡಿ ಬೆಳೆಸಿದ್ದರು. ಹಬ್ಬದ ದಿನ ಬೆಳಿಗ್ಗೆಯಿಂದ ದೊಡ್ಡ ಪಾತ್ರೆಯಲ್ಲಿ ಸೊಪ್ಪು ಬೆಂದಿತು. ಕಬ್ಬಿನ ರಸ ಸಿಗದೆ ಹಾಲಿಗೆ ಬೆಲ್ಲ ಹಾಕಿ ಪಾಯಸವಾಯಿತು. ಮಧ್ಯಾಹ್ನ ಮಸೆದ ಸೊಪ್ಪಿಗೆ ಮೆಕ್ಕೆಜೋಳದ ಹಿಟ್ಟು ಉದುರಿಸಿ, ಮರದ ಕಡೆಗೋಲನ್ನು ನನ್ನ ಕೈಗೆ ಕೊಟ್ಟರು. ಮಗುವಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ ಬರುತ್ತೇನೆ, ಉರಿ ಸಣ್ಣಗಿರಲಿ, ತಿರುವುತ್ತಲೇ ಇರು, ಕೈ ಬಿಡಬೇಡ ಎಂದರು.

ಆ ವಾರ ನಾನು ಆರು ದಿನ ಬೆಲ್ಟಿನ ಮುಂದೆ ನಿಂತಿದ್ದೆ. ಆಂಟಿಯೂ ನಿಂತಿದ್ದರು ಎನ್ನುವುದು ಬೇರೆ ಮಾತು. ಸೊಪ್ಪಿನ ಹಬೆ ಬೆಚ್ಚಗಿತ್ತು. ಸ್ಟೂಲು ಎಳೆದುಕೊಂಡು ಫ್ರಿಜ್ಜಿಗೆ ತಲೆ ಆನಿಸಿದೆ, ಒಂದೇ ನಿಮಿಷ ಎಂದುಕೊಂಡು.

ಎಚ್ಚರವಾದಾಗ ಆಂಟಿ ಒಲೆ ಆರಿಸುತ್ತಿದ್ದರು. ಮನೆಯೆಲ್ಲ ಸೀದ ವಾಸನೆ. ಅವರು ನನ್ನತ್ತ ನೋಡಲೂ ಇಲ್ಲ. ತಳ ಕೆದಕದೆ ಮೇಲಿನದನ್ನು ಇನ್ನೊಂದು ಪಾತ್ರೆಗೆ ಬಗ್ಗಿಸುತ್ತಿದ್ದರು. ಅಷ್ಟರಲ್ಲಿ ಹರ್ಮನ್‌ನ ಅತ್ತೆ, ಆಂಟಿಯ ಬೀಗಿತ್ತಿ, ಬಂದರು. ಮೂಗು ಅರಳಿಸಿ, ಯಾರು ನೋಡಿಕೊಳ್ಳುತ್ತಿದ್ದರು ಎಂದು ಕೇಳಿದರು. ಹಿಂದೆಯೇ ಹರ್ಮನ್ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಆಂಟಿ ಹೇಳಿದರು:

"ನನಗೇ ಕಣ್ಣು ಹತ್ತಿಬಿಡ್ತು."

ಆಗಲೂ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಸಂಜೆ ಎಂಟಾದರೂ ಇಲ್ಲಿ ಸೂರ್ಯ ಮುಳುಗುವುದಿಲ್ಲ. ಬೇಸಗೆಯಲ್ಲಿ ಬಯಲಲ್ಲಿ ಬೆಂಕಿ ಹಾಕುವಂತಿಲ್ಲವೆಂದು ಬಾರ್ಬೆಕ್ಯೂ ಒಲೆಗೇ ಎಳ್ಳು ಎಸೆದು, ಮಗುವನ್ನು ಎತ್ತಿಕೊಂಡು ಅದರ ಸುತ್ತ ಬಂದರು. ಎಲ್ಲರೂ ಸಾಗ್ ತಿಂದರು. ಕಮಟು ವಾಸನೆಯ ಬಗ್ಗೆ ಬೀಗಿತ್ತಿ ಎರಡು ಸಲ ಆಡಿದರು. ವಯಸ್ಸಾದವರ ಕೈಗೆ ಗ್ಯಾಸ್ ಒಲೆ ಕೊಟ್ಟರೆ ಮಗುವಿರುವ ಮನೆಯಲ್ಲಿ ಏನಾಗಬಹುದು ಎಂದೂ ಹೇಳಿದರು. ಮರುವಾರ ಹರ್ಮನ್ ಆಂಟಿಯನ್ನು ಶೆಡ್ಡಿನ ಕೆಲಸದಿಂದ ಬಿಡಿಸಿದ. ಅಡುಗೆಯನ್ನು ಸೊಸೆ ವಹಿಸಿಕೊಂಡಳು. ಆಂಟಿ ಒಲೆ ಹಚ್ಚಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ಬೆಲ್ಟಿನ ಮುಂದೆ ನನ್ನ ಪಕ್ಕ ಬೇರೆ ಯಾರೋ ನಿಂತರು. ಎರಡು ತಿಂಗಳಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತು, ರೂಮು ಬಿಟ್ಟೆ. ಆಮೇಲೆ ಹಬ್ಬಕ್ಕೊಂದು ಫೋನು. ಫೋನಿಡುವಾಗಲೆಲ್ಲ ಮುಂದಿನ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ.

ಕಳೆದ ವಾರ ಆ ಟ್ರ್ಯಾಕ್ಟರಿನವನನ್ನು ಕೇಳಿ ಒಂದು ಚೀಲ ಸಾಸಿವೆ ಸೊಪ್ಪು ಕಿತ್ತುಕೊಂಡೆ. ಶನಿವಾರ ತಕಾನಿನಿಗೆ ಹೋದೆ. ಆಂಟಿ ಕಿಟಕಿ ಪಕ್ಕ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಬೆರಳುಗಳು ಗಂಟುಗಂಟಾಗಿದ್ದವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕುಶಲ ಮುಗಿಯುವ ಮೊದಲೇ ಹೇಳಿಬಿಟ್ಟೆ.

"ಆಂಟಿ, ಅವತ್ತು ನಿದ್ದೆ ಮಾಡಿದ್ದು ನಾನು. ಹರ್ಮನ್‌ಗೆ ಹೇಳಿಬಿಡ್ತೀನಿ."

"ಬೇಡ" ಎಂದರು ತಕ್ಷಣ.

"ನನ್ನಿಂದ ನಿಮ್ಮನ್ನ ಅಡುಗೆಮನೆಯಿಂದ ಆಚೆ ಹಾಕಿದ್ರು."

ಅವರು ಚೀಲದಿಂದ ಸೊಪ್ಪಿನ ಎಲೆಯೊಂದನ್ನು ತೆಗೆದು ಬೆರಳಲ್ಲಿ ತಿರುಗಿಸಿದರು. "ಹದಿನಾಲ್ಕನೇ ವಯಸ್ಸಿಂದ ಒಲೆ ಮುಂದೆ ನಿಂತಿದ್ದೆ, ಪುತ್. ಸುಸ್ತಾಗಿದೆ ಅಂತ ಹೇಳೋಕೆ ನಂಗೆ ಬರ್ತಿರಲಿಲ್ಲ. ನಮ್ಮಲ್ಲಿ ಯಾವ ಹೆಂಗಸೂ ಹಾಗಂದಿದ್ದು ಕೇಳಿಲ್ಲ. ನೀನು ಹಾಗೆ ಬಾಯಿ ತೆರೆದು ಮಲಗಿದ್ದು ನೋಡಿ ಹೊಟ್ಟೆಕಿಚ್ಚಾಯ್ತು. ಕಣ್ಣು ಹತ್ತಿಬಿಡ್ತು ಅಂದೆ. ನಿನ್ನ ಉಳಿಸೋಕೆ ಅಂತ ಅಂದಿದ್ದಲ್ಲ. ಹಾಗಂದ್ರೆ ನನ್ನ ಕೂರಿಸ್ತಾರೇನೋ ಅಂತ."

"ಬೇಜಾರಾಗಲಿಲ್ವಾ?"

"ಮೊದಲನೇ ವರ್ಷ ಅಳು ಬರ್ತಿತ್ತು. ಈಗ ಇವರು ಟಿನ್ನಿನ ಸಾಗ್ ತರ್ತಾರೆ, ಚೆನ್ನಾಗಿರಲ್ಲ. ತಿಂತೀನಿ. ಆದ್ರೆ ಕೂತ್ಕೊಂಡು ತಿಂತೀನಿ."

ನನಗೆ ನಿರಾಳವಾಗಬೇಕಿತ್ತು. ನಿಜ ಹೇಳಬೇಕೆಂದರೆ ಮೊದಲು ಪೆಚ್ಚಾದೆ. ಹನ್ನೆರಡು ವರ್ಷ ಜತನದಿಂದ ಹೊತ್ತ ತಪ್ಪನ್ನು ಅವರು ಒಂದು ಎಲೆಯ ಹಾಗೆ ಪಕ್ಕಕ್ಕಿಟ್ಟಿದ್ದರು. ಎಲ್ಲವನ್ನೂ ಇಟ್ಟಿರಲಿಲ್ಲ, ಆ ಮೊದಲ ವರ್ಷದ ಅಳು ನನ್ನ ಪಾಲಿಗೆ ಉಳಿಯಿತು. ಹೊರಡುವಾಗ ಅವರು ನನ್ನ ಮುಖ ನೋಡಿ, ಊಟ ಸರಿಯಾಗಿ ಮಾಡುತ್ತೀಯಾ ಎಂದು ಕೇಳಲಿಲ್ಲ, ನಿದ್ದೆ ಮಾಡುತ್ತೀಯಾ ಎಂದು ಕೇಳಿದರು.

ಮನೆಗೆ ಬಂದೆ. ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಏನ್ ಅಡುಗೆ ಇವತ್ತು?" ಎಂದರು. ಹತ್ತು ನಿಮಿಷ, ಮಾಡ್ತೀನಿ ಎನ್ನುವುದು ನನ್ನ ದಿನದ ಉತ್ತರ. ಅದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ನಂಗೆ ಸುಸ್ತಾಗಿದೆ" ಎಂದೆ.

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಸುಸ್ತಾಗಿದೆ, ಅಷ್ಟೇ."

ಅವರು ಇನ್ನೇನೋ ಬರುತ್ತದೆಂದು ಕಾದರು. ಆಮೇಲೆ ಎದ್ದು ಒಳಗೆ ಹೋದರು. ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ತೆಗೆದು ನೋಡುವ ಸದ್ದು ಕೇಳಿಸಿತು. ಅಕ್ಕಿ ಯಾವುದರಲ್ಲಿದೆ ಎಂದು ಇಲ್ಲಿಂದಲೇ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಹುಡುಕಲಿ.