ಯಾರ ಗ್ವಾಡಿ?

ನಮ್ಮ ಸಮಾಜವಿಜ್ಞಾನದ ಟೀಚರ್ ಬಹಳ ಗಿಡ್ಡ. ಕರಿಹಲಗೆಯ ಅರ್ಧಕ್ಕಿಂತ ಮೇಲೆ ಅವರ ಕೈ ಹೋಗುತ್ತಲೇ ಇರಲಿಲ್ಲ. ಹಾಗಾಗಿ ಮೇಲಿನ ಅರ್ಧದಲ್ಲಿ ಗಣಿತದ ಸರ್ ಬಿಟ್ಟುಹೋದ ಲೆಕ್ಕ, ಕೆಳಗಿನ ಅರ್ಧದಲ್ಲಿ ಇವರ ಸಂವಿಧಾನ. ಒರೆಸಿಕೊಡಲು ಯಾರಾದರೂ ಎತ್ತರದ ಹುಡುಗ ಎದ್ದು ಬಂದರೆ, "ಇರಲಿ ಬಿಡೋ ತಮ್ಮಾ. ಅದು ಅವರ ಜಾಗಾ, ಇದು ನಂದು. ಇಬ್ಬರಿಗೂ ಸಾಲತೈತಿ" ಎನ್ನುತ್ತಿದ್ದರು. ಅಷ್ಟು ಸಣ್ಣ ಮೈಯಿಂದ ಅಂಥ ದನಿ ಹೇಗೆ ಬರುತ್ತಿತ್ತೋ ದೇವರೇ ಬಲ್ಲ. ಅವರು ಒಂಬತ್ತನೇ ಇಯತ್ತೆಗೆ ಪಾಠ ಹೇಳಿದರೆ ಎಂಟನೆಯವರು ಪರೀಕ್ಷೆ ಬರೆಯಬಹುದಿತ್ತು.

ಮೂಡಲಗಿ ಕಡೆಯ ನಮ್ಮೂರ ಹೈಸ್ಕೂಲಿಗೆ ಅವರು ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಕೂರಿಸಿ ಉಣಬಡಿಸುವ ಅತಿಥಿಯಲ್ಲ. ಕಾಯಂ ಮಾಸ್ತರು ಬರುವ ತನಕ ಇಟ್ಟುಕೊಂಡು, ಬಂದ ದಿನ ಕಳಿಸಿಕೊಡುವ ಅತಿಥಿ. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು. ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಎರಡು ಬಸ್ಸು ಬದಲಿಸಿಕೊಂಡು ಬರುತ್ತಿದ್ದರು. ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವಾಗ ಎರಡು ಪೇಪರು ಕೊಳ್ಳುತ್ತಿದ್ದರು, ಒಂದಕ್ಕೊಂದು ಆಗದಂಥವು. ಅವನ್ನು ರೊಟ್ಟಿ ಗಂಟಿನ ಚೀಲಕ್ಕೇ ತುರುಕುತ್ತಿದ್ದರಾದ್ದರಿಂದ ನಮಗೆ ದೇಶದ ಸುದ್ದಿಯೆಲ್ಲ ಶೇಂಗಾ ಚಟ್ನಿಯ ವಾಸನೆಯೊಂದಿಗೇ ಬರುತ್ತಿತ್ತು.

ಒಕ್ಕೂಟ ವ್ಯವಸ್ಥೆಯ ಪಾಠವನ್ನು ನಾವು ಅವರು ಬರುವ ಮೊದಲೇ ಬಾಯಿಪಾಠ ಮಾಡಿದ್ದೆವು. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಕೇಳಿದರೆ ಗಿಳಿಯ ಹಾಗೆ ಒಪ್ಪಿಸುತ್ತಿದ್ದೆವು, ತಿಳಿದದ್ದು ಮಾತ್ರ ಸೊನ್ನೆ. ಟೀಚರ್ ಪುಸ್ತಕ ಮುಚ್ಚಿಸಿದರು. ಕರಿಹಲಗೆ ಇರುವ ಗೋಡೆ ದಿಲ್ಲಿ. ಬಾಗಿಲ ಕಡೆಯದು ಬೆಂಗಳೂರು. ಹಿಂದಿನ ಗೋಡೆ ಇಬ್ಬರಿಗೂ ಸೇರಿದ್ದು. ಕಿಟಕಿ ಕಡೆಯದು ನಮ್ಮೂರು. ದಿನಾ ಪೇಪರಿನ ಒಂದು ಸುದ್ದಿ ಓದಿ, "ಯಾರ ಗ್ವಾಡಿ?" ಎಂದು ಕೇಳುತ್ತಿದ್ದರು. ನಾವು ಎದ್ದು ಹೋಗಿ ನಮಗೆ ಸರಿ ಕಂಡ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಆಮೇಲೆ ಇವರು ವಕೀಲರ ಹಾಗೆ ಸವಾಲು ಹಾಕುವುದು. ರೈಲು ನಿಲ್ಲಬೇಕೆಂದು ಹೋರಾಟ ನಡೆದಿದೆ, ಯಾರ ಗೋಡೆ? ನದಿಯ ನೀರಿಗೆ ಎರಡು ರಾಜ್ಯ ಜಗಳಾಡುತ್ತಿವೆ, ಯಾರ ಗೋಡೆ? ಘಟಪ್ರಭೆ ಉಕ್ಕಿ ಮನೆ ಬಿದ್ದವರಿಗೆ ಪರಿಹಾರ ಯಾರು ಕೊಡಬೇಕು ಎಂದಾಗ ಒಬ್ಬ ಹುಡುಗ ದಿಲ್ಲಿ ಬೆಂಗಳೂರುಗಳ ಮೂಲೆಯಲ್ಲಿ ನಿಂತು ಒಂದೊಂದು ಗೋಡೆಗೆ ಒಂದೊಂದು ಕೈ ಇಟ್ಟ. ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶಾಣ್ಯಾ ಅದಿ. ಖರೆ ಇಬ್ಬರೂ ನಿನ್ನ ಕೈ ಕೊಡವಿ ಹೋದ್ರ ನಡುವ ಬೀಳತಿ, ಹುಷಾರ್" ಎಂದರು.

ಕಿಟಕಿ ಕಡೆಯ ಗೋಡೆಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಅದಕ್ಕೆ ಅವರಿಗೆ ಸಿಟ್ಟು. "ಬೀದಿ ದೀಪ ಹೋದ್ರೂ ದಿಲ್ಲಿಗೆ ಹೊಂಟ್ರೇನ್ರೋ? ಊರಿಗೊಂದು ಪಂಚಾಯ್ತಿ ಇಲ್ಲೇನು?" ಎಂದು ಬೈಯುತ್ತಿದ್ದರು.

ಊರಲ್ಲೆಲ್ಲ ಈ ಗೋಡೆಯ ಮಾತು ಹಬ್ಬಿತು. ಒಲೆ ಮುಂದಿನಿಂದ ಅವ್ವ ನೀರು ತಾ ಎಂದರೆ ನಾನು "ಅದು ನನ್ನ ಗ್ವಾಡಿ ಅಲ್ಲ" ಎನ್ನುವುದು, ಅವ್ವ ಊದುಗೊಳವೆ ತೋರಿಸಿ "ಇದು ನನ್ನ ಗ್ವಾಡಿ, ಬಾ ಇಲ್ಲಿ" ಎನ್ನುವುದು.

ಆ ವರ್ಷ ಕಬ್ಬಿನ ದರದ ಹೋರಾಟ ಜೋರಾಯಿತು. ಕ್ರಾಸಿನಲ್ಲಿ ಪೆಂಡಾಲು ಬಿತ್ತು, ರಸ್ತೆ ಬಂದಾಯಿತು, ಟೀಚರ್ ಒಂದು ದಿನ ಅರ್ಧ ದಾರಿ ನಡೆದೇ ಬಂದರು. ಬಂದವರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೇಳಿದ್ದೇ ಅದನ್ನ: "ಕಬ್ಬಿನ ದರಾ. ಯಾರ ಗ್ವಾಡಿ?" ತರಗತಿ ಹರಿದು ಎರಡಾಯಿತು. ತಾಸಿನ ಕೊನೆಗೆ ನಮಗೆ ತಿಳಿದದ್ದು ಇಷ್ಟು: ಇದಕ್ಕಿಂತ ಕಡಿಮೆ ಕೊಡಬಾರದು ಎಂದು ದರ ಕಟ್ಟುವುದು ದಿಲ್ಲಿ. ಕಾರ್ಖಾನೆಯವರು ಅದನ್ನು ಕೊಡದೆ ಕುಂತರೆ ಕೊಡಿಸಬೇಕಾದದ್ದು, ತೂಕದಲ್ಲಿ ಮೋಸವಾದರೆ ಹಿಡಿಯಬೇಕಾದದ್ದು ಬೆಂಗಳೂರು. ಎರಡೂ ಕಡೆ ಕೇಳಬೇಕು, ಆದರೆ ಎರಡೂ ಕಡೆ ಒಂದೇ ಮಾತು ಕೇಳಿದರೆ ನಡೆಯುವುದಿಲ್ಲ.

ನಮ್ಮೂರಲ್ಲಿ ಇಬ್ಬರು ಪುಢಾರಿಗಳಿದ್ದರು. ಒಬ್ಬರದು ದಿಲ್ಲಿಯಲ್ಲಿ ಆಳುವ ಪಕ್ಷ, ಇನ್ನೊಬ್ಬರದು ಬೆಂಗಳೂರಲ್ಲಿ ಆಳುವ ಪಕ್ಷ. ನಾವು ಹುಡುಗರು ಅವರನ್ನು ದಿಲ್ಲಿ ಕಾಕಾ, ಬೆಂಗಳೂರು ಕಾಕಾ ಎಂದೇ ಕರೆಯುತ್ತಿದ್ದೆವು, ಹಿಂದಿನಿಂದ. ಪೆಂಡಾಲಿನಲ್ಲಿ ದಿಲ್ಲಿ ಕಾಕಾ ಬೆಂಗಳೂರಿಗೆ ಮಾತ್ರ ಬೈಯುತ್ತಿದ್ದರು, ಬೆಂಗಳೂರು ಕಾಕಾ ದಿಲ್ಲಿಗೆ ಮಾತ್ರ. ಇಬ್ಬರ ಮಕ್ಕಳೂ ನಮ್ಮ ತರಗತಿಯಲ್ಲೇ ಇದ್ದರು. ಅಂದು ಸಂಜೆ ದಿಲ್ಲಿ ಕಾಕಾನ ಮಗಳು ಊಟಕ್ಕೆ ಕುಳಿತ ಅಪ್ಪನಿಗೆ, "ದರಾ ಕಟ್ಟೂದು ದಿಲ್ಲಿಯವರಂತಪ್ಪಾ, ಅವರಿಗೂ ಒಂದೀಟ ಬೈರಿ" ಎಂದಳು. ಇತ್ತ ಬೆಂಗಳೂರು ಕಾಕಾನ ಮಗ, "ಬಾಕಿ ಕೊಡಿಸೂದು ನಿಮ್ಮವರಂತಲ್ಲಪ್ಪಾ" ಎಂದ. ಇಬ್ಬರು ಅಪ್ಪಂದಿರೂ ತಾಟು ಸರಿಸಿ ಎದ್ದರು.

ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದ ಆ ಇಬ್ಬರೂ ಮರುದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಹೆಡ್‌ಮಾಸ್ತರರ ಖೋಲಿಗೆ ಬಂದರು. ಇದ್ದದ್ದು ಒಂದೇ ಬೆಂಚು. ಅದರ ಎರಡು ತುದಿಗೆ ಕುಳಿತರು. ಟೀಚರ್ ನಮ್ಮ ಪಕ್ಷದ ವಿರುದ್ಧ ಹುಡುಗರ ತಲೆ ಕೆಡಿಸುತ್ತಿದ್ದಾರೆ ಎಂದು ಇಬ್ಬರದೂ ದೂರು. ನಮ್ಮ ಹೆಡ್‌ಮಾಸ್ತರರು ಇರುವೆ ತುಳಿದರೂ ಕ್ಷಮೆ ಕೇಳುವ ಮನುಷ್ಯ. "ಇಬ್ಬರ ವಿರುದ್ಧನೂ ಅಂದ್ರ ಆಕಿ ಯಾರ ಕಡೇನೂ ಅಲ್ಲ ಅಂದಂಗಾತಲ್ರಿ" ಎಂದರಂತೆ. ಅದರಿಂದ ಇಬ್ಬರಿಗೂ ಇನ್ನಷ್ಟು ಸಿಟ್ಟು ಬಂತು. ಆಕೆಯನ್ನು ತೆಗೆಯಲೇಬೇಕು ಎಂದು ಎದ್ದುಹೋದರು.

ದಿಲ್ಲಿ ಕಾಕಾ ತಮ್ಮ ದೊಡ್ಡವರಿಗೆ ಫೋನು ಹಚ್ಚಿದರು. ಸಾಲಿ ಮಾಸ್ತರರದ್ದು ನಮ್ಮ ಕಡೆ ಬರೂದಿಲ್ರಿ ಎಂದರು ಅಲ್ಲಿ. ಬೆಂಗಳೂರು ಕಾಕಾ ತಮ್ಮವರಿಗೆ ಹಚ್ಚಿದರು. ಅತಿಥಿ ಶಿಕ್ಷಕರನ್ನು ಇಡುವುದು ಬಿಡುವುದು ಅಲ್ಲೇ ನಿಮ್ಮ ಶಾಲೆಯ ಕಮಿಟಿಯೊಳಗೆ ಮಾತಾಡಿಕೊಳ್ಳಿರಿ ಎಂಬ ಉತ್ತರ ಬಂತು. ಹೀಗೆ ಸುತ್ತಿ ಸುಳಿದು ಅದು ನಮ್ಮೂರಿಗೇ ವಾಪಸು ಬಂದು ಬಿತ್ತು.

ಇಷ್ಟೆಲ್ಲ ಆಗುವಾಗ ಟೀಚರ್ ಏನು ಮಾಡಿದರು ಎನ್ನುತ್ತೀರಿ? ಅಳಲಿಲ್ಲ, ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ತರಗತಿಗೆ ಬಂದು, ಪೇಪರು ಬಿಚ್ಚದೆ, "ಇವತ್ತಿನ ಸುದ್ದಿ ಪೇಪರಿನ್ಯಾಗಿಲ್ಲ. ನಿಮ್ಮ ಟೀಚರ್ ಇರಬೇಕೋ ಹೋಗಬೇಕೋ? ಯಾರ ಗ್ವಾಡಿ?" ಎಂದರು. ಯಾವಾಗಿನ ದನಿಯೇ.  ಆದರೆ ಅವರ ಪಗಾರ ನಿಂತರೆ ಮಗಳ ಕಾಲೇಜೂ ನಿಲ್ಲುತ್ತದೆಂದು ನಮಗೆಲ್ಲ ಗೊತ್ತಿತ್ತು.

ಎಲ್ಲರೂ ದುಡುದುಡು ಬೆಂಗಳೂರಿನ ಗೋಡೆಗೆ ಹೋದರು. ನಾನೊಬ್ಬಳು ಕಿಟಕಿಯ ಕಡೆಗೆ ಹೋಗಿ ನಿಂತೆ. 

"ಯಾಕವಾ, ಅಲ್ಲ್ಯಾಕ ನಿಂತಿ?"

"ನಮ್ಮವ್ವ ಕಮಿಟಿಯೊಳಗ ಅದಾಳ್ರಿ ಟೀಚರ್."

"ಮೀಟಿಂಗಿಗೆ ಬರತಾಳೇನು?"

"ಇಲ್ರಿ. ರಜಿಸ್ಟರ್ ಮನಿಗಿ ಬರತೈತ್ರಿ. ಹೆಬ್ಬಟ್ಟ ಒತ್ತತಾಳ್ರಿ."

ಪರಿಶಿಷ್ಟ ಜಾತಿಯ ಹೆಣ್ಣುಮಗಳು ಒಬ್ಬಳಾದರೂ ಕಮಿಟಿಯಲ್ಲಿರಬೇಕು ಎಂದು ನಿಯಮ. ಅದಕ್ಕೆ ನಮ್ಮ ಓಣಿಯಿಂದ ಅವ್ವನ ಹೆಸರು ಸೇರಿಸಿದ್ದರು, ಅಷ್ಟೇ. ಮೀಟಿಂಗು ಮುಗಿದ ಮೇಲೆ ಶಾಲೆಯ ಸಿಪಾಯಿ ಬಂದು ನಮ್ಮ ಕಟ್ಟೆಯ ಮೇಲೆ ರಜಿಸ್ಟರು ಬಿಚ್ಚುತ್ತಿದ್ದ. ಅವ್ವ ರೊಟ್ಟಿಯ ಹಿಟ್ಟಿನ ಕೈ ತೊಳೆದುಕೊಂಡು ಬಂದು ಹೆಬ್ಬಟ್ಟು ಒತ್ತಿ ಮತ್ತೆ ಒಳಗೆ ಹೋಗುತ್ತಿದ್ದಳು. ಏನು ಬರೆದಿದೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಊರಲ್ಲಿ ಅದು ತಪ್ಪು ಎಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಟೀಚರ್ ತರಗತಿಯ ಕಡೆ ತಿರುಗಿ ಹೇಳಿದರು: "ಈಕಿ ಒಬ್ಬಾಕಿ ಸರಿ ನಿಂತಾಳ. ಕೇಳ್ರಿಲ್ಲೆ. ಟೀಚರನ್ನ ಉಳಿಸ್ರಿ ಅಂತ ಮನ್ಯಾಗ ಗಂಟ ಬೀಳಬ್ಯಾಡ್ರಿ. ಮೀಟಿಂಗಿಗೆ ಬರ್ರಿ ಅಂತಷ್ಟ ಹೇಳ್ರಿ. ಬಂದ ಮ್ಯಾಲ ಬ್ಯಾಡ ಅಂದ್ರೂ ಅದು ಅವರ ಹಕ್ಕು."

ನಾನು ಅವರ ಮಾತು ಅರ್ಧ ಕೇಳಿದೆ, ಅರ್ಧ ಬಿಟ್ಟೆ. ಗಂಟು ಬಿದ್ದೆ. ಅವ್ವ ಆಗ ಕಬ್ಬು ಕಡಿಯುವ ಗುಂಪಿನಲ್ಲಿದ್ದಳು. ಒಂದು ದಿನ ತಪ್ಪಿದರೆ ಗುಂಪಿನವರು ಮುಖ ಗಂಟಿಕ್ಕುತ್ತಾರೆ. "ನಾ ಬಂದು ಏನ್ ಮಾತಾಡ್ಲೆ ಅಲ್ಲಿ? ದೊಡ್ಡ ದೊಡ್ಡವರು ಇರತಾರ" ಎಂದಳು. "ಮಾತಾಡಬ್ಯಾಡ, ಕುಂದ್ರು. ಹೆಬ್ಬಟ್ಟಿನ ಜೋಡಿ ನೀನೂ ಹೋಗು" ಎಂದೆ. ಉಣ್ಣುವುದಿಲ್ಲ ಎಂದು ಮಲಗಿದೆ. ನನ್ನ ಹಟ ಅವ್ವನಿಗೆ ಗೊತ್ತು, ಅದು ಅವಳದೇ ಹಟ.

ಮೀಟಿಂಗಿನ ದಿನ ಅವ್ವ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದು ವರಾಂಡದಲ್ಲಿ ನೆಲದ ಮೇಲೆ ಕುಳಿತಳು. ಕಮಿಟಿಯ ಇನ್ನೂ ಮೂವರು ಹೆಣ್ಣುಮಕ್ಕಳು ಹಾಗೇ ಬಂದು ಅವಳ ಬಾಜೂ ಕುಳಿತರು. ಹೆಡ್‌ಮಾಸ್ತರರು ಗಾಬರಿಯಾಗಿ, "ಒಳಗ ಬರ್ರಿ ಅಕ್ಕಾ, ನೀವು ಸದಸ್ಯರು" ಎಂದು ಕೈಮುಗಿದು ಕರೆದರು. ನಾವೆಲ್ಲ ಹೊರಗೆ ಕಿಟಕಿಗೆ ಜೋತುಬಿದ್ದಿದ್ದೆವು.

ಇಬ್ಬರು ಕಾಕಾಗಳೂ ಮಾತಾಡಿದರು. ಚಲೋ ಮಾತಾಡಿದರು, ಸುಳ್ಳೇಕೆ ಹೇಳಲಿ. ಹುಡುಗರಿಗೆ ಈ ವಯಸ್ಸಲ್ಲಿ ರಾಜಕೀಯ ಬೇಡ, ಪುಸ್ತಕ ಓದಲಿ ಎಂದರು. ಗಂಡಸರು ಬಹಳ ಮಂದಿ ಹೌದೆಂದು ತಲೆಯಾಡಿಸಿದರು. ಟೀಚರ್ ಮೂಲೆಯಲ್ಲಿ ನಿಂತು ಒಂದೇ ಮಾತು ಹೇಳಿದರು: "ಪಾಠ ಪುಸ್ತಕದಾಗಿಂದ ಐತ್ರಿ. ಪೇಪರು ಅದಕ್ಕ ಉದಾಹರಣಿ." ಅಧ್ಯಕ್ಷರು, ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ರೂಢಿಗೆ ಕೇಳಿದರು. ರೂಢಿಯಂತೆ ಯಾರೂ ಹೇಳಬಾರದಿತ್ತು.

ಅವ್ವ ಎದ್ದು ನಿಂತಳು. ನನ್ನ ಕೈ ಕಿಟಕಿಯ ಸರಳಿಗೆ ಅಂಟಿಕೊಂಡಿತು.

"ಸಾವಕಾರ್ರ, ಹೋಟ್ಲದಾಗ ನೀವು ಇಬ್ಬರೂ ದಿನಾ ಇದನ್ನ ಮಾತಾಡತೀರಿ. ನಮ್ಮ ಹುಡುಗ್ರು ಸಾಲ್ಯಾಗ ಮಾತಾಡಿದ್ರ ಏನಾತು? ಇಲ್ಲಿ ಬೈಯೂದಿಲ್ಲ, ಹೊಡದಾಡೂದಿಲ್ಲ. ಗ್ವಾಡಿಗೆ ನಿಂದರತಾರ, ಅಷ್ಟ. ನನಗ ಟೀಚರು ಇರಲಿ."

ಹೇಳಿ, ಬಳೆ ಸರಿಸಿ, ಕೈ ಎತ್ತಿದಳು. ಯಾರೂ ಕೈ ಎತ್ತಿರೆಂದು ಹೇಳಿರಲೇ ಇಲ್ಲ. ಮೂವರು ಹೆಣ್ಣುಮಕ್ಕಳೂ ಎತ್ತಿದರು. ಹಿಂದಿನಿಂದ ಒಬ್ಬ ಮುದುಕ, ಆಮೇಲೆ ಇನ್ನಿಬ್ಬರು. ತಲೆಯಾಡಿಸಿದ್ದ ಗಂಡಸರಲ್ಲೇ ಕೆಲವರು ಆಚೀಚೆ ನೋಡಿ ಎತ್ತಿದರು. ಅಧ್ಯಕ್ಷರು ಕೆಮ್ಮಿ, ಪೇಪರು ಓದುವುದಾದರೆ ಎರಡು ಪಕ್ಷದವೂ ಇರಲಿ ಎಂದು ಷರತ್ತು ಹಾಕಿ ಟೀಚರನ್ನು ಉಳಿಸಿದರು. ದಿಲ್ಲಿ ಕಾಕಾ ಹೊರಗೆ ಬಂದು ಅವ್ವನಿಗೆ, "ಭಾಳ ಮಾತ ಕಲತೀ ಬಿಡ ತಂಗಿ" ಎಂದರು. ಸಿಟ್ಟಿತ್ತೋ ಮೆಚ್ಚುಗೆಯಿತ್ತೋ ತಿಳಿಯಲಿಲ್ಲ. ನಾನಂತೂ ಶಾಲೆಯ ಬಯಲಿನಲ್ಲಿ ಕುಣಿದುಬಿಟ್ಟೆ.

ಟೀಚರ್ ಮಾತ್ರ ಮರುದಿನ ಹೊಗಳಲಿಲ್ಲ, ಬೈದರು. "ನನ್ನ ಸಲುವಾಗಿ ಅವ್ವಗಳನ್ನ ಕರಕೊಂಡ ಬಂದ್ರಿ. ನಳದಾಗ ನೀರ ಬರದಿದ್ರ ಕರಕೊಂಡ ಬರತೀರೇನು?" ಎಂದರು. ಆಮೇಲೆ ಗಂಟೆ ಹೊಡೆದ ಮೇಲೆ ನನ್ನನ್ನು ಕರೆದು, ತಲೆ ಸವರಿ ಬಸ್ಸಿಗೆ ಹೋದರು.

ಮುಂದಿನ ವರ್ಷ ಶಾಲೆ ಸುರುವಾಗುವ ಹೊತ್ತಿಗೆ ಕಾಯಂ ಸರ್ ಬರುತ್ತಾರೆಂದು ಆದೇಶ ಬಂತು. ನನಗೆ ಮೈಯೆಲ್ಲ ಉರಿ. ಬಾಗಿಲಲ್ಲೇ ಟೀಚರನ್ನು ತಡೆದು, "ಮತ್ತ ಮೀಟಿಂಗ್ ಕರಸೂಣ್ರಿ. ನಮ್ಮವ್ವ ಎಲ್ಲಾರ್ನೂ ತರತಾಳ" ಎಂದೆ. ಅವರು ರೊಟ್ಟಿಯ ಚೀಲ ಕೆಳಗಿಟ್ಟು ನನ್ನ ಎದುರಿಗೆ ನಿಂತರು. ಆ ಹೊತ್ತಿಗೆ ನಾನು ಅವರಿಗಿಂತ ಎತ್ತರವಾಗಿದ್ದೆ.

"ಇದು ಊರ ಕೈಯಾಗಿಲ್ಲವಾ. ಇದು ಸರ್ಕಾರದ್ದು, ಬೆಂಗಳೂರಿಂದು. ಸರೀನೂ ಐತಿ. ನಿಮಗ ಕಾಯಂ ಮಾಸ್ತರು ಬೇಕೋ ಬ್ಯಾಡೋ? ಹೋದ ವರ್ಷ ನಿಮ್ಮದಾಗಿತ್ತು, ನಿಂತ್ರಿ. ಇದು ನಿಮ್ಮದಲ್ಲ. ನನ್ನ ಸಲುವಾಗಿ ಗ್ವಾಡಿ ಬದಲಿಸಿದ್ರ ನಾ ಒಂದ್ ವರ್ಷ ಹೇಳಿದ್ದೆಲ್ಲ ಸುಳ್ಳಾಗತೈತಿ."

"ಮಗಳ ಕಾಲೇಜ್ರಿ?"

"ಅದು ನನ್ನದು. ನಾ ನೋಡ್ಕೋತೇನಿ." ಇಷ್ಟು ಹೇಳುವಾಗ ಅವರ ದನಿ ಮೊದಲ ಸಲ ಸಣ್ಣದಾಯಿತು. ಹೊಸ ಸರ್‌ಗೆ ಕಾಟ ಕೊಡಬೇಡಿರೆಂದು ತರಗತಿಗೆಲ್ಲ ಹೇಳಿ ಹೋದರು. ಆ ಸರ್ ಒಳ್ಳೆಯವರು. ಆದರೂ ನಾನು ಬಹಳ ದಿನ ಅವರ ಮುಖ ನೋಡಲಿಲ್ಲ.

ಟೀಚರ್ ಆಮೇಲೆ ಘೋಡಗೇರಿಯಲ್ಲಿ ಮನೆಪಾಠ ಹೇಳಿ, ರೊಟ್ಟಿ ಬಡಿದು ಗೋಕಾಕದ ಖಾನಾವಳಿಗೆ ಕಳಿಸಿ, ಮಗಳನ್ನು ಓದಿಸಿಯೇ ತೀರಿದರು. ನಾನು ಈಗ ಹುಕ್ಕೇರಿ ತಾಲೂಕಿನ ಒಂದು ಪಂಚಾಯಿತಿಯಲ್ಲಿ ಪಿಡಿಒ. ಇದು ನಮ್ಮಲ್ಲಿ ಬರುವುದಿಲ್ಲ ಎಂದು ಹೇಳಿ ಜನರನ್ನು ಸಾಗಹಾಕುವುದು ಬಹಳ ಸುಲಭದ ಕೆಲಸ. ಹಾಗೆ ಹೇಳಿದಾಗಲೆಲ್ಲ, ಮತ್ತೆ ಎಲ್ಲಿ ಬರುತ್ತದೆ ಎಂಬುದನ್ನೂ ಹೇಳಿ, ಬೇಕಾದರೆ ಜೊತೆಗೆ ಹೋಗಿ ಬರುತ್ತೇನೆ. ಒಳ್ಳೆಯತನವೇನಲ್ಲ, ಅವರಿಂದ ಪಡೆದದ್ದು ಅಷ್ಟಿದೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದಾಗ ನಾನು ಹೊರಡುವ ಮೊದಲೇ ಅವ್ವ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. ಘೋಡಗೇರಿಯ ಮನೆಯ ಮುಂದೆ ಬಹಳ ಜನರಿದ್ದರು. ಟೀಚರ್ ಮಗಳಿಗೆ ನಮ್ಮವ್ವ ಯಾರೆಂದು ಗೊತ್ತಾಗಲಿಲ್ಲ. ನಾನು ಪರಿಚಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವಳ ಕೈಹಿಡಿದು ಪಕ್ಕದಲ್ಲಿ ಕುಳಿತಳು.

"ನಿಮ್ಮವ್ವನ ಸಲುವಾಗಿ ಒಮ್ಮೆ ಕೈ ಎತ್ತಿದ್ನಿ, ನನ್ನವ್ವಾ. ಅಲ್ಲೀತನಕ ಈ ಕೈ ಕಬ್ಬ ಕಡಿಯಾಕಷ್ಟ ಅಂತ ತಿಳಕೊಂಡಿದ್ನಿ" ಎಂದಳು.

ಈ ಮಾತು ಟೀಚರ್ ಕಿವಿಗೆ ಬೀಳಬೇಕಿತ್ತು. ಅಲ್ಲೇ ಅಂಗಳದಲ್ಲಿ, ಅಷ್ಟು ಜನರ ನಡುವೆ, ನಾನು ಅತ್ತೆ.