ತಿರುಪು ಹಾಕಿದ್ದು ನಮ್ದು

ಚಿಕ್ಕವ್ವನ ಬಲಗೈ ಹೆಬ್ಬೆರಳ ತುದಿ ಹುಣಸೆ ಬೀಜದ ಹಾಗೆ ಗಟ್ಟಿಯಾಗಿ, ನುಣುಪಾಗಿತ್ತು. ಬೆಸುಗೆ ಹಾಕುವ ಕಡ್ಡಿ ತಾಗಿ ತಾಗಿ ಸುಟ್ಟು ಕಾಯಿಗಟ್ಟಿದ ಜಾಗ ಅದು. ಕಣ್ಣು ಕಾಣದ ನನಗೆ ಅವಳ ಮುಖ ಗೊತ್ತಿಲ್ಲ. ಆ ಹೆಬ್ಬೆರಳು ಗೊತ್ತು, ಸೆರಗಿಗೆ ಅಂಟಿರುತ್ತಿದ್ದ ಬೆಸುಗೆಯ ರಾಳದ ಹೊಗೆಯ ವಾಸನೆ ಗೊತ್ತು. ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಆ ವಾಸನೆಯ ಜಾಡು ಹಿಡಿದು ಯಾರ ಕೈಯನ್ನೂ ಹಿಡಿಯದೆ ಅವಳ ರಿಪೇರಿ ಅಂಗಡಿಗೆ ಹೋಗಿಬಿಡುತ್ತಿದ್ದೆ.

ನಮ್ಮೂರು ತಾಳವಾಡಿ ಬೆಟ್ಟದ ಮೇಲಿನ ಗೆಟ್ಟವಾಡಿ. ಚಿಕ್ಕಪ್ಪನನ್ನು ಮದುವೆಯಾಗುವ ಮೊದಲು ಅವಳು ಕೊಯಮತ್ತೂರಿನ ಕಾರ್ಖಾನೆಯೊಂದರಲ್ಲಿ ಟಿವಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದಳು. ಸೊಸೆಯಾಗಿ ಬಂದಾಗ ತವರಿನ ಹಿತ್ತಾಳೆ ಬಿಂದಿಗೆಯೊಳಗೆ ಬೆಸುಗೆ ಕಡ್ಡಿಯೂ ಬಂದಿತ್ತಂತೆ. ಇದ್ಯಾವುದೋ ಮಾಟದ ಸಾಮಾನೆಂದು ನಮ್ಮಜ್ಜಿ ಹಿತ್ತಲಿಗೆ ಎಸೆದಳು. ಸೊಸೆ ಹುಡುಕಿ ತಂದು, ಅದರಲ್ಲೇ ಅಜ್ಜಿಯ ರೇಡಿಯೊ ಹಾಡಿಸಿದ ಮೇಲೆ ಅತ್ತೆ ಸೊಸೆ ಒಂದಾದರು. ಆಮೇಲೆ ಟಿವಿ, ಮೊಬೈಲು, ಲ್ಯಾಪ್‌ಟಾಪು ಒಂದೊಂದಾಗಿ ಅವಳ ಮೇಜಿಗೆ ಬಂದವು.

ಅವಳ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಏನನ್ನೇ ಬಿಚ್ಚಿದರೂ ತಿರುಪುಗಳನ್ನು ತಂದವರ ಅಂಗೈಗೇ ಹಾಕುವಳು. ಕೆಲಸ ಮುಗಿಯುವ ತನಕ ಅವರು ಮುಷ್ಟಿ ಬಿಗಿದು ಎದುರಿಗೆ ಕೂತಿರಬೇಕು. ಬಸ್ಸು ಹೊರಡುತ್ತದೆ ಎಂದರೂ ಬಿಡಳು. “ನಿನ್ ತಿರುಪು ನಿನ್ ಕೈಲಿದ್ರ ನಂಗೂ ಭಯ ಇರ್ತದ, ನಿಂಗೂ ಗ್ಯಾನ ಇರ್ತದ” ಎನ್ನುವಳು. ಹಾಗೆ ಸಿಕ್ಕಿಬಿದ್ದವರು ಊರಿನ ಸುದ್ದಿಯನ್ನೆಲ್ಲ ಅವಳ ಬಾಯಿಂದ ಕೇಳಲೇಬೇಕು. ಜಂಬವೂ ಕಡಿಮೆಯಿರಲಿಲ್ಲ. “ಈ ಬೆಟ್ಟದ ಮ್ಯಾಲ ನನ್ ಬುಟ್ರ ಇನ್ಯಾರವ್ರೆ?” ಎಂದು ದಿನಕ್ಕೊಮ್ಮೆಯಾದರೂ ಕೇಳುವಳು. ಇದ್ದಾರೆ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅವಳ ಮಾತು ಸುಳ್ಳೂ ಆಗಿರಲಿಲ್ಲ.

ನಾನು ತಾಳವಾಡಿಯ ಶಾಲೆಯೊಂದರಲ್ಲಿ ಇತಿಹಾಸದ ಮೇಷ್ಟ್ರು. ನನ್ನ ಪಾಠಗಳೆಲ್ಲ ಲ್ಯಾಪ್‌ಟಾಪಿನಲ್ಲಿವೆ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಒಂದು ಕಿವಿಯಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾ, ಇನ್ನೊಂದು ಕಿವಿಯನ್ನು ಮಕ್ಕಳ ಕಡೆಗಿಟ್ಟು ಪಾಠ ಮಾಡುತ್ತೇನೆ. ಒಂದು ಆಷಾಢದ ಮಳೆಯಲ್ಲಿ ಆ ಲ್ಯಾಪ್‌ಟಾಪು ಬ್ಯಾಗಿನ ಸಮೇತ ನೆನೆಯಿತು. ನೆನೆದದ್ದನ್ನು ಅಕ್ಕಿಯಲ್ಲಿ ಹೂತಿಡಬೇಕೆಂದು ಅವ್ವನಿಗೆ ಯಾರೋ ಹೇಳಿದ್ದರು. ಅಕ್ಕಿ ಡಬ್ಬದಲ್ಲಿ ಅದು ಹಿಡಿಯಲಿಲ್ಲ. ರಾಗಿ ಡ್ರಮ್ಮು ದೊಡ್ಡದಿತ್ತು. ಅವ್ವ ಅದರಲ್ಲಿ ಹೂತಳು. ಬೆಳಿಗ್ಗೆ ತೆಗೆದು ಅಲ್ಲಾಡಿಸಿದರೆ ಮಕ್ಕಳ ಗಿಲಕಿಯ ಸದ್ದು. ಚಿಕ್ಕವ್ವನಿಗೆ ತೋರಿಸಿದರೆ ತಾಳವಾಡಿಗೆಲ್ಲ ಹೇಳಿ ನಗುತ್ತಾಳೆಂದು ಅವ್ವನಿಗೆ ಅಂಜಿಕೆ. ಸತ್ಯಮಂಗಲಕ್ಕೆ ಹೊರಟಿದ್ದ ಪರಿಚಯದವರ ಕೈಲಿ ಕೊಟ್ಟು, ದಿಂಬಂ ಘಾಟಿ ಇಳಿಸಿ ಅಲ್ಲಿಗೆ ರಿಪೇರಿಗೆ ಕಳಿಸಿದಳು.

ರಿಪೇರಿಯಾಗಿ ಬಂತು. ಪರದೆ ಚೆನ್ನಾಗಿ ಬರುತ್ತಿದೆ ಎಂದು ನೋಡಿದವರೆಲ್ಲ ಹೇಳಿದರು. ದನಿ ಮಾತ್ರ ಇರಲಿಲ್ಲ. ಒಂದೆರಡು ದಿನ ಕಾದು ಹೆಡ್‌ಮಾಸ್ಟರು, “ಹತ್ತನೇ ಕ್ಲಾಸನ್ನ ಸದ್ಯಕ್ಕೆ ಬೇರೆಯವ್ರಿಗೆ ಕೊಡೋಣ್ವಾ ಸಾರ್? ನೀವು ಆಫೀಸಲ್ಲಿ ಕೂತಿರಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೆ ನನ್ನಂಥವನನ್ನು ಒಮ್ಮೆ ಆಫೀಸಿನ ಕುರ್ಚಿಯಲ್ಲಿ ಕೂರಿಸಿದರೆ ಮತ್ತೆ ತರಗತಿಗೆ ಎಬ್ಬಿಸುವವರು ಯಾರೂ ಇಲ್ಲವೆಂದು ನನಗೆ ಗೊತ್ತು. ಹೆದರಿಕೆಯಾಯಿತು. ಸೀದಾ ಚಿಕ್ಕವ್ವನ ಅಂಗಡಿಗೆ ನಡೆದೆ.

ಅಂಗೈಗೆ ತಿರುಪುಗಳು ಬಿದ್ದವು. ನನಗೆ ಕಾಣದೆಂದು ಅವಳು ಮಾಡುವುದನ್ನೆಲ್ಲ ಬಾಯಲ್ಲೂ ಹೇಳುವಳು. “ತಳ ತಗದೆ. ಫ್ಯಾನು ಎತ್ತಿದೆ.” ಆಮೇಲೆ ಮೇಜಿನ ಮೇಲೆ ಕಾಳುಗಳು ಉದುರಿದ ಸದ್ದು. “ಏನ್ಲಾ ಇದು, ರಾಗಿ? ನಿಮ್ಮವ್ವ ಇದ್ರಲ್ಲಿ ಮುದ್ದ ತಿರುವಕ ಒಂಟಿದ್ಲಾ?” ಎಂದು ನಕ್ಕಳು, ಪಕ್ಕದ ಟೀ ಅಂಗಡಿಯವರನ್ನು ಕೂಗಿ ಹೇಳಿ ಮತ್ತೂ ನಕ್ಕಳು. ಸತ್ಯಮಂಗಲದವನೇ ಕೆಡಿಸಿದ್ದು ಎಂದು ನಾನು ಬೈದೆ.

“ಅವನ್ಯಾಕ ಬಯ್ತೀಯ? ಸತ್ತಿದ್ದನ್ನ ಎಬ್ಸಿ ಕಳ್ಸವ್ನ. ದನಿ ಚಿಪ್ಪಿಗ ನೀರು ನುಗ್ಗಿ ಆಗ್ಲೇ ಓಗ್ಬುಟ್ಟದ.”

“ಅಂಗಾರ ಬ್ಯಾರೆ ಆಕು ಚಿಕ್ಕವ್ವ.”

“ಆಕಕ ಅದೇನು ತಿರುಪ್ಲಾ? ಬೋರ್ಡಿಗೇ ಬೆಸದವ್ರೆ. ಮಗ್ಗುಲಲ್ಲೇ ಮೆಮೊರಿನೂ ಬೆಸದವ್ರೆ. ಇದ್ಕ ಶಾಖ ಕೊಟ್ರ ಅದೂ ಓಯ್ತದ. ಬೆಸ್ದಿದ್ದು ಕಂಪ್ನಿಯವ್ರದು, ತಿರುಪು ಆಕಿದ್ದು ನಮ್ದು. ತಿಳ್ಕ.”

ನೀನು ಮಾಡಿದರೆ ಆಗುತ್ತದೆ, ಒಂದು ಸಲ ನೋಡು ಎಂದು ಗೋಗರೆದೆ. ಅವಳ ಜಂಬವನ್ನು ಉಬ್ಬಿಸಲೂ ನೋಡಿದೆ. ಅವಳು ಉಬ್ಬಲಿಲ್ಲ.

“ತಾಳಮಲೆ ಉಡುಗಿ ಒಬ್ಳು ಇಂಥದ್ದೇ ತಂದಿದ್ಲು. ಮಾಡ್ಬುಡ್ತೀನಿ ಅಂತ ಶಾಖ ಕೊಟ್ಟೆ. ಬೋರ್ಡೇ ಸತ್ತೋಯ್ತು. ಅವ್ಳು ಓದಕ ಇಟ್ಕಂಡಿದ್ದೆಲ್ಲ ಅದ್ರೊಳಗಿತ್ತು. ಅವ್ರ ಮನಗ ಓಗಿ, ನಾನೇ ಕೆಡ್ಸಿದೆ ಕಣವ್ವ ಅಂದೆ. ಆ ಮಗ ನನ್ನ ಬೈನಿಲ್ಲ. ಬೈದಿದ್ರ ಚೆನ್ನಾಗಿರದು. ನಾನು ಶಾಖ ಕೊಡಕಿಲ್ಲ ಕಣ್ಲಾ, ನೀನು ಅತ್ರೂ ಕೊಡಕಿಲ್ಲ.”

ಬೆಟ್ಟದ ಮೇಲೆ ತನ್ನನ್ನು ಬಿಟ್ಟರಿಲ್ಲ ಎನ್ನುತ್ತಿದ್ದವಳ ಬಾಯಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು. ಇವತ್ತು ಯೋಚಿಸಿದರೆ ಅವಳ ಮೇಲೆ ನನಗೆ ಅತಿ ಹೆಚ್ಚು ಗೌರವ ಬರುವುದು ಆ ಗಳಿಗೆಗಾಗಿಯೇ. ಆದರೆ ಅವತ್ತು ಸಿಟ್ಟು ಬಂತು. “ಕುರುಡನ್ಗ ಮೂಗನ್ನ ಜತೆ ಮಾಡಿ ಕಳುಸ್ತೀಯಾ?” ಎಂದುಬಿಟ್ಟೆ.

“ಬಾಯ್ಮುಚ್ಚು. ತಿರುಪು ಉದುರುಸ್ಬುಟ್ಟೀಯೆ” ಎಂದು ಎದ್ದಳು. ಗುಜರಿ ಡಬ್ಬ ಗಲಗಲ ಅಲ್ಲಾಡಿತು. ಯಾರೋ ಬಿಟ್ಟುಹೋಗಿದ್ದ, ಯುಎಸ್‌ಬಿ ತೂತಿಗೆ ಚುಚ್ಚುವ ಹೆಡ್‌ಫೋನೊಂದನ್ನು ತಂದಳು. ಅದರ ವೈರಿನ ತುದಿಯ ತುಂಡಿನೊಳಗೇ ಬೇರೊಂದು ದನಿ ಚಿಪ್ಪು ಇರುತ್ತದೆಯಂತೆ, ಲ್ಯಾಪ್‌ಟಾಪಿನ ಚಿಪ್ಪಿನ ಹಂಗೇ ಬೇಡವಂತೆ. “ಇದ್ರ ಒಂದು ಕಿವಿ ಸತ್ತದ. ನಿಂಗ ಒಂದೇ ಕಿವಿ ಸಾಕಲ್ಲ?” ಮೊದಲ ತೂತಿನಲ್ಲಿ ರಾಗಿ ಕಚ್ಚಿಕೊಂಡಿತ್ತು, ಆಗಲಿಲ್ಲ. ಎರಡನೆಯದಕ್ಕೆ ಚುಚ್ಚಿ ನನ್ನ ಕಿವಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪು ತನ್ನ ಎಂದಿನ ನೀರಸ ದನಿಯಲ್ಲಿ, ಬ್ಯಾಟರಿ ಕಡಿಮೆ ಇದೆ ಎಂದಿತು. ನನಗೆ ಅಳು ಬಂತು. ಚಿಕ್ಕವ್ವ ನನ್ನ ಮುಷ್ಟಿ ಬಿಡಿಸಿ ಒಂದೊಂದೇ ತಿರುಪು ತೆಗೆದುಕೊಂಡು ತಳ ಮುಚ್ಚಿದಳು. ಕೊನೆಗೆ ಕಡ್ಡಿ ಕಾಯಿಸಿ ಆ ಎರಡನೆಯ ತೂತಿನ ಪಕ್ಕದ ಪ್ಲಾಸ್ಟಿಕ್ಕಿಗೆ ಒಂದು ಚುಕ್ಕೆ ಸುಟ್ಟಳು. “ಈ ಗುಳಿ ಮುಟ್ಟಿ ನೋಡು. ಇದ್ರ ಪಕ್ಕಕ್ಕೇ ಚುಚ್ಚು, ಯಾರ್ನೂ ಕೇಳ್ಬ್ಯಾಡ.”

ಸೋಮವಾರ ನಾನು ಹತ್ತನೇ ಕ್ಲಾಸಿಗೆ ಹೋದೆ.

ಆದರೆ ಅವಳು ಅಲ್ಲಿಗೆ ಬಿಡಲಿಲ್ಲ. “ನೀರು ಕುಡ್ದ ಬೋರ್ಡು, ಯಾವತ್ತಾರ ಮಲಗ್ತದ. ಪಾಠನೆಲ್ಲ ಈಚ್ಗ ತಗದು ಮಡಿಕ್ಕೊ” ಎಂದು, ಎಲ್ಲವನ್ನೂ ನಕಲು ಮಾಡಿಟ್ಟುಕೊಳ್ಳಲು ಹೊರಗಿನ ಡಿಸ್ಕೊಂದನ್ನು ತರಿಸಿಕೊಟ್ಟಳು. ಸಂತೆಯ ದಿನ ಸಿಕ್ಕಾಗಲೆಲ್ಲ ಊಟ ಆಯಿತಾ ಎನ್ನುವ ಬದಲು “ಈಚ್ಗ ತಗದ್ಯಾ?” ಎಂದೇ ಕೇಳುವಳು. ಆ ಕಾಟಕ್ಕೆ ಹೆದರಿಯೇ ಪ್ರತಿ ವಾರ ತೆಗೆದಿಡುತ್ತಿದ್ದೆ.

ಹೋದ ಮಾಗಿಯಲ್ಲಿ ಎದೆನೋವೆಂದು ಅವಳನ್ನು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಕೈ ಹಿಡಿದುಕೊಂಡಳು. ಆ ಹೆಬ್ಬೆರಳು ನನ್ನ ಅಂಗೈ ಮೇಲಿತ್ತು. “ಈಚ್ಗ ತಗದ್ಯಾ ಮಗ?” ಎಂದಳು. ಎಲ್ಲ ತೆಗೆದಿದ್ದೇನೆ ಎಂದೆ. “ಸರಿ ಬುಡು” ಎಂದಳು. ಅವಳು ಜೀವಂತವಾಗಿ ಮನೆಗೆ ಬರಲಿಲ್ಲ.

ಅದಾದ ಮೇಲಿನ ಬೇಸಿಗೆಯಲ್ಲೇ ಲ್ಯಾಪ್‌ಟಾಪು ಪಾಠದ ಮಧ್ಯೆ ಮಾತು ನಿಲ್ಲಿಸಿತು, ಮತ್ತೆ ಏಳಲಿಲ್ಲ. ನನ್ನ ಒಂದು ಸಾಲೂ ಹೋಗಲಿಲ್ಲ. ಇವತ್ತಿಗೂ ನಾನು ತರಗತಿಯಲ್ಲಿ ನಿಂತಿದ್ದರೆ ಅದು ಅವಳ ಋಣ.

ಹೊಸ ಲ್ಯಾಪ್‌ಟಾಪಿಗೆ ದನಿಯಿದೆ, ಗುರುತಿನ ಚುಕ್ಕೆ ಬೇಕಾಗಿಲ್ಲ. ಆದರೂ ಚಿಕ್ಕಪ್ಪನಿಗೆ ಹೇಳಿ ಅವಳ ಕಡ್ಡಿ ಕಾಯಿಸಿದೆ. ರಾಳದ ವಾಸನೆ ಎದ್ದಿತು. ಚಿಕ್ಕಪ್ಪ ನನ್ನ ಕೈ ಹಿಡಿದು ಜಾಗ ತೋರಿಸಿದ. ಚುಕ್ಕೆ ಸೊಟ್ಟಗಾಯಿತು, ಕಡ್ಡಿ ನನ್ನ ಹೆಬ್ಬೆರಳಿಗೂ ತಾಗಿತು. ಅವ್ವ ಬೆಣ್ಣೆ ತರಲು ಎದ್ದಳು. ಬೇಡ ಕೂತ್ಕೊ ಎಂದೆ. ಆ ಜಾಗ ಕಾಯಿಗಟ್ಟಲಿ ಎಂದು ನನಗೆ ಆಸೆ.