ಒಡೆಯದಂತೆ ಹೊತ್ತು ತರುವ ಟ್ಯೂಬ್‌ಲೈಟ್ ಅಕ್ಕ

ಬೆಳಗಿನ ಐದೂವರೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಸ ವಿಂಗಡಣೆ ಕೇಂದ್ರದ ತಗಡಿನ ಶೆಡ್ಡಿನಲ್ಲಿ ಐವತ್ತೆರಡರ ಹೆಂಗಸೊಬ್ಬರು ಕೆಟ್ಟುಹೋದ ಟ್ಯೂಬ್‌ಲೈಟುಗಳನ್ನು ಒಂದೊಂದಾಗಿ ಉದ್ದನೆಯ ರಟ್ಟಿನ ಡಬ್ಬಕ್ಕೆ ಇಳಿಸುತ್ತಿದ್ದಾರೆ. ತಳಕ್ಕೆ ತಾಗುವಾಗ ಟಕ್ಕೆಂದರೂ ಸಾಕು, ಅವರ ಹುಬ್ಬು ಮೇಲೇರುತ್ತದೆ.

ಬೀದಿಯವರೆಲ್ಲ ಅವರನ್ನು ಕರೆಯುವುದು 'ಟ್ಯೂಬ್‌ಲೈಟ್ ಅಕ್ಕ' ಎಂದು. "ತಲೆಗೆ ತಡವಾಗಿ ಹೊಳೆಯೋರಿಗೆ ಹಾಗಂತಾರೆ, ಗೊತ್ತು. ನನಗೂ ತಡವಾಗೇ ಹೊಳೆದಿದ್ದು ಬಿಡಿ," ಎಂದು ನಗುತ್ತಾರೆ.

ಆ ನಗುವಿನ ಹಿಂದೆ ಹನ್ನೊಂದು ವರ್ಷಗಳಿವೆ. ಅಷ್ಟು ಕಾಲ ಅವರೂ ಅವರ ಓರಗಿತ್ತಿಯೂ ಇದೇ ಶೆಡ್ಡಿನಲ್ಲಿ ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳನ್ನು ಕಲ್ಲಿನಿಂದ ಕುಟ್ಟಿ, ತುದಿಯ ಲೋಹವನ್ನು ಕಿತ್ತು ಗುಜರಿಗೆ ಹಾಕುತ್ತಿದ್ದರು. ಬಿಳಿ ಪುಡಿ ಮೈಮೇಲೆ ಬಿದ್ದರೆ ಕೊಡವಿಕೊಂಡು ಸುಮ್ಮನಾಗುತ್ತಿದ್ದರು. ಆಮೇಲೆ ಓರಗಿತ್ತಿಯ ಕೈ ನಡುಗತೊಡಗಿತು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ನಿದ್ದೆ ಬಾರದಾಯಿತು, ಸಣ್ಣಪುಟ್ಟದ್ದಕ್ಕೂ ಸಿಡುಕು. ವಯಸ್ಸಾಯಿತೇನೋ ಎಂದು ಮನೆಯವರು ಅಂದುಕೊಂಡರು. ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ನಿಜ ಹೇಳಿದರು: ಒಡೆದ ಬಲ್ಬುಗಳಿಂದ ಬಂದ ಪಾದರಸದ ಆವಿ ಉಸಿರಿನ ಜೊತೆ ಒಳಗೆ ಹೋಗಿದೆ.

"ಅವಳನ್ನ ಈ ಕೆಲಸಕ್ಕೆ ಕರ್ಕೊಂಡು ಬಂದೋಳೇ ನಾನು," ಎನ್ನುತ್ತಾರೆ ಅಕ್ಕ.

ಮರುದಿನವೇ ಅವರು ಮೇಲ್ವಿಚಾರಕರ ಮೇಜಿನ ಮುಂದೆ ನಿಂತು, ಬಲ್ಬುಗಳಿಗೆಂದೇ ಮುಚ್ಚಳದ ಡ್ರಮ್ಮು, ಒಂದು ಕೈಗಾಡಿ ಕೇಳಿದರು. ಆತ ಮೂರು ತಿಂಗಳು "ನೋಡೋಣ" ಎಂದರು. ಈಕೆ ಮೂರು ತಿಂಗಳು ಒಂದೂ ಬಲ್ಬು ಒಡೆಯಲಿಲ್ಲ. ರಾಶಿ ಬೆಳೆದು ಆತನ ಕೋಣೆಯ ಬಾಗಿಲಿಗೆ ಬಂದಾಗ ಡ್ರಮ್ಮೂ ಬಂತು, ಗಾಡಿಯೂ ಬಂತು.

ಈಗ ಆ ಗಾಡಿ ತಳ್ಳಿಕೊಂಡು ದಿನಕ್ಕೆ ನೂರೈವತ್ತು ಮನೆ, ಅರವತ್ತೆಪ್ಪತ್ತು ಬಲ್ಬು. ವಾರಕ್ಕೊಮ್ಮೆ ಲಾರಿಯೊಂದು ಅವನ್ನು ಕಾರ್ಖಾನೆಗೆ ಒಯ್ಯುತ್ತದೆ. ಅಲ್ಲಿ ಮುಚ್ಚಿದ ಯಂತ್ರದೊಳಗೆ ಗಾಜು, ಲೋಹ, ಪಾದರಸ ಬೇರೆ ಬೇರೆಯಾಗುತ್ತವೆ.

ಎಂಟು ಗಂಟೆಗೆ ಮೂರನೇ ಮಹಡಿಯ ಮನೆಯೊಂದರಲ್ಲಿ ಸಿಎಫ್‌ಎಲ್ ಬಲ್ಬು ಬಿದ್ದು ಚೂರಾಗಿದೆ. ಮನೆಯಾಕೆಯ ಕೈಯಲ್ಲಿ ಪೊರಕೆ, ಪಕ್ಕದಲ್ಲೇ ಅಂಬೆಗಾಲಿಡುವ ಮಗು.

"ಪೊರಕೆ ಬೇಡಮ್ಮ, ಕೆಳಗಿಡಿ. ಗುಡಿಸಿದ್ರೆ ಮನೆಯೆಲ್ಲ ಹರಡುತ್ತೆ. ಮೊದ್ಲು ಮಗೂನ ಎತ್ಕೊಂಡು ಆಚೆ ಬನ್ನಿ."

ಕಿಟಕಿ ತೆರೆಸಿ, ಹದಿನೈದು ನಿಮಿಷ ತಾಯಿ-ಮಗು ಇಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸುತ್ತಾರೆ. ಆಮೇಲೆ ಕೈಗವಸು ತೊಟ್ಟು ಗಟ್ಟಿ ರಟ್ಟಿನಿಂದ ಚೂರುಗಳನ್ನು ಎತ್ತಿ, ಪುಡಿಯನ್ನು ಅಂಟುವ ಟೇಪಿನಿಂದ ಒತ್ತಿ ತೆಗೆದು, ನೆಲವನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಗಾಜಿನ ಜಾಡಿಗೆ ಹಾಕಿ ಮುಚ್ಚಳ ಬಿಗಿಯುತ್ತಾರೆ.

"ಒಂದು ಬಲ್ಬಿಗೆ ಇಷ್ಟೊಂದು ಯಾಕಕ್ಕ?" ಎನ್ನುತ್ತಾರೆ ಮನೆಯಾಕೆ.

"ಕಣ್ಣಿಗೆ ಕಾಣೋ ಹಾಗಿದ್ರೆ ನಾನು ಹೇಳೋದೇ ಬೇಕಿರ್ಲಿಲ್ಲಮ್ಮ."

ಓರಗಿತ್ತಿ ಈಗ ಬಹುಮಟ್ಟಿಗೆ ಚೇತರಿಸಿಕೊಂಡಿದ್ದಾರೆ. ಬಟ್ಟೆ ಅಂಗಡಿಯೊಂದರಲ್ಲಿ ಗುಂಡಿ ಹೊಲಿಯುತ್ತಾರೆ. ಎಲ್‌ಇಡಿ ದೀಪಗಳು ಬಂದ ಮೇಲೆ ಅಕ್ಕನ ಗಾಡಿಯೂ ವರ್ಷದಿಂದ ವರ್ಷಕ್ಕೆ ಹಗುರವಾಗುತ್ತಿದೆ. ಮುಂದೆ ಈ ಕೆಲಸವೇ ಇಲ್ಲವಾದರೆ?

"ಹೋಗ್ಲಿ ಬಿಡಿ, ಒಳ್ಳೇದೇ. ಕೊನೇ ಟ್ಯೂಬು ಮಾತ್ರ ನನ್ನ ಕೈಗೇ ಸಿಗ್ಲಿ. ಅದನ್ನ ಬೇರೆಯವರ ಕೈಗೆ ಕೊಡೋಕೆ ನನಗೆ ಧೈರ್ಯ ಇಲ್ಲ."